ಮಾವನ ಸೈಕಲ್ಲಿಗೆ ಕಂಪ್ರೆಷನ್ ಏರಿಸಿದ್ದು

ಮಸ್ಕಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಹದಿನೆಂಟು ವರ್ಷಗಳಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪೆಟ್ರೋಲ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ತೋರಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಾನು ಬೋರ್ಡಿನ ಮೇಲೆ ಬರೆದ ಎಂಜಿನ್ ಇವತ್ತಿನವರೆಗೆ ಒಂದೂ ಕೆಟ್ಟಿಲ್ಲ. ಒಂದೂ ಎಣ್ಣೆ ಸೋರಿಲ್ಲ. ಡಸ್ಟರ್ ತೋರಿಸಿದರೆ ಸಾಕು, ಮರುಮಾತಿಲ್ಲದೆ ಮಾಯವಾಗಿವೆ.

ಇಷ್ಟು ಅನುಭವ ಇದ್ದವನಿಗೆ ಒಂದು ಸೈಕಲ್ ಎಂಜಿನ್ ಯಾವ ಲೆಕ್ಕ?

ಆ ಸೈಕಲ್ ನನ್ನ ಮಾವನವರದು. ಮಾವ ಹುಸೇನಪ್ಪನವರು ಬಳಗಾನೂರಿನಲ್ಲಿ ಇರುತ್ತಾರೆ. ಕಾಲುವೆಯ ನೀರಗಂಟಿಯಾಗಿ ಜೀವಮಾನವೆಲ್ಲ ನಡೆದು ನಡೆದು ಮೊಣಕಾಲು ಸವೆಸಿಕೊಂಡವರು. ಎರಡು ವರ್ಷದ ಹಿಂದೆ ಸಿಂಧನೂರಿನ ಒಬ್ಬ ಮೆಕ್ಯಾನಿಕ್‌ನ ಕಡೆಯಿಂದ ತಮ್ಮ ಹಳೇ ಸೈಕಲ್ಲಿಗೆ ಒಂದು ಪುಟ್ಟ ಎಂಜಿನ್ ಕೂಡಿಸಿಕೊಂಡರು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಾಲ್ಕು ಹೆಜ್ಜೆ ಪೆಡಲ್ ತುಳಿದು, ಹಿಡಿದ ಕ್ಲಚ್ ಬಿಟ್ಟರೆ ಟರ್ರೆಂದು ಚಾಲೂ ಆಗುತ್ತದೆ. ಆಮೇಲೆ ಕಾಲಿಗೆ ಕೆಲಸವಿಲ್ಲ.

ಅವರು ಅದನ್ನು ಓಡಿಸುವುದು ದಿನಕ್ಕೆ ಒಂದೇ ಸಲ. ಸಂಜೆ ಐದೂವರೆಗೆ ಗೆಳೆಯ ರಸೂಲ್ ಸಾಹೇಬರ ಮನೆಗೆ ಹೋಗುತ್ತಾರೆ. ಅವರನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಕಾಲುವೆ ಏರಿ ಹತ್ತಿ, ಸೇತುವೆ ಪಕ್ಕದ ಚಾ ಹೋಟೆಲ್ಲಿಗೆ ಹೋಗುತ್ತಾರೆ. ರಸೂಲ್ ಸಾಹೇಬರಿಗೆ ಕಣ್ಣು ಕಾಣುವುದಿಲ್ಲ. ಮೂವತ್ತು ವರ್ಷ ರೈಸ್ ಮಿಲ್ಲಿನ ಎಂಜಿನ್ ನೋಡಿಕೊಂಡವರು. ಕಣ್ಣು ಹೋದ ಮೇಲೆ ಕಿವಿಯೇ ಎಲ್ಲ ಕೆಲಸ ಮಾಡುತ್ತದೆ. ಇಬ್ಬರೂ ಒಂದೊಂದು ಚಾ ಕುಡಿದು, ಹರಿಯುವ ನೀರಿನ ಪಕ್ಕ ಕೂತು, ಕತ್ತಲಾಗುವ ಮೊದಲು ತಿರುಗಿ ಬರುತ್ತಾರೆ. ದಿನದ ಉಳಿದ ಹೊತ್ತೆಲ್ಲ ಆ ಒಂದು ತಾಸಿಗಾಗಿ ಕಾಯುತ್ತಾರೆ ಎಂದರೂ ತಪ್ಪಲ್ಲ.

ಒಂದು ಭಾನುವಾರ ನಾನು, ನನ್ನ ಹೆಂಡತಿ ಸುಜಾತಾ ಬಳಗಾನೂರಿಗೆ ಹೋಗಿದ್ದೆವು. ಊಟವಾದ ಮೇಲೆ ಮಾತಿಗೆ ಮಾತು ಬಂದು ನಾನು ಕೇಳಿದೆ:

“ಸೈಕಲ್ ಹೆಂಗ ಹೊಂಟೈತಿ ಮಾವ?”

“ಚಲೋ ಹೊಂಟೈತ್ರಿ ಅಳಿಯಂದ್ರ. ಇಬ್ಬರೂ ಕುಂತಾಗ ಏರಿ ಮ್ಯಾಲ ಒಂದೀಟು ತುಳೀಬೇಕಾಗತೈತಿ, ಅಷ್ಟ.”

ಅವರು ಹೇಳಿದ್ದು ಇಷ್ಟೇ. ಅದು ದೂರಲ್ಲ, ಬೇಡಿಕೆಯಲ್ಲ. ಮಳೆ ಬಂತು ಅಂದಷ್ಟೇ ಸಹಜವಾಗಿ ಹೇಳಿ ಎಲೆ ಅಡಿಕೆ ಹಾಕಿಕೊಂಡರು. ಆದರೆ ನನ್ನೊಳಗೆ ಹದಿನೆಂಟು ವರ್ಷದಿಂದ ಮಲಗಿದ್ದ ವಿಜ್ಞಾನಿ ಎದ್ದು ಕೂತ!

“ಮಾವ, ಅದು ಎಂಜಿನ್ನಿನ ತಪ್ಪಲ್ಲ. ಕಂಪ್ರೆಷನ್ ಕಡಿಮಿ ಐತಿ. ಒಳಗಿನ ಗಾಳಿ-ಪೆಟ್ರೋಲನ್ನ ಇನ್ನಷ್ಟು ಬಿಗಿಯಾಗಿ ಒತ್ತಿದ್ರ ಇನ್ನಷ್ಟು ಜೋರಾಗಿ ಸಿಡೀತೈತಿ. ಮ್ಯಾಲಿನ ಹೆಡ್ ಬಿಚ್ಚಿ ತಳಾ ಒಂದೀಟು ತೆಳ್ಳಗ ಮಾಡಿದ್ರ ಸಾಕು. ಏರಿ ಅಲ್ಲ, ಗುಡ್ಡಾನೂ ಹತ್ತತೈತಿ!”

“ಬ್ಯಾಡ ಬಿಡ್ರಿ. ಹೊಂಟೈತಲ್ಲ.”

“ಒಂದ ವಾರ ಮಾವ. ಮುಂದಿನ ಐತವಾರ ನಾನ ತಂದು ನಿಲ್ಲಸ್ತೀನಿ.”

ಸುಜಾತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳು ತಾಯಿಯ ಜೊತೆ ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ಪ್ರೆಶರ್ ಏರಬಾರದು ಅಂತ ನಾವು ದಿನಾ ಮಂದಿಗೆ ಗುಳಗಿ ಕೊಡತೀವಿ. ನೀವು ನಮ್ಮಪ್ಪನ ಸೈಕಲ್ಲಿಗೆ ಪ್ರೆಶರ್ ಏರಸ್ತೀನಿ ಅಂತೀರಲ್ಲ!”

ಅಳಿಯನ ಮಾತು ತೆಗೆದುಹಾಕಲು ಮಾವನವರಿಗೆ ಮನಸ್ಸು ಬರಲಿಲ್ಲ. ಅದೇ ಅವರು ಮಾಡಿದ ತಪ್ಪು. ಸಂಜೆಯೇ ಸೈಕಲ್ಲನ್ನು ಟಂಟಂ ಮೇಲೆ ಹೇರಿಸಿಕೊಂಡು ಮಸ್ಕಿಗೆ ತಂದೆ. ಗಾಡಿ ಹೊರಡುವಾಗ ಮಾವ ಸೈಕಲ್ಲಿನ ಸೀಟನ್ನು ಎರಡು ಸಲ ತಟ್ಟಿದರು. ದವಾಖಾನೆಗೆ ಸೇರಿಸುವ ಎತ್ತನ್ನು ತಟ್ಟಿದ ಹಾಗೆ.

ಸೋಮವಾರ ಕಾಲೇಜು ಮುಗಿಸಿ ಬಂದವನೇ ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿ ಶಸ್ತ್ರಚಿಕಿತ್ಸೆಗೆ ಕೂತೆ. ನಾಲ್ಕು ನಟ್ಟು ಬಿಚ್ಚಿದರೆ ಹೆಡ್ ಕೈಗೆ ಬಂತು. ಅಲ್ಯೂಮಿನಿಯಂ ಮುಚ್ಚಳ, ಒಳಗೆ ಇಡ್ಲಿ ತಟ್ಟೆಯ ಗುಳಿಯಂಥ ಒಂದು ಗುಳಿ. ಬಿಚ್ಚುವ ಮೊದಲು ಪ್ಲಗ್ಗಿನ ತೂತಿನೊಳಗೆ ಮೆತ್ತನೆಯ ಸೀಸದ ತಂತಿ ಇಳಿಸಿ, ಪಿಸ್ಟನ್ ಮೇಲೆ ಬರುವ ಹಾಗೆ ತಿರುಗಿಸಿ, ತಂತಿ ಎಷ್ಟು ಚಪ್ಪಟೆಯಾಯಿತು ಎಂದು ಅಳೆದಿದ್ದೆ. ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗ ಇದೆ ಎಂಬುದು ಅದರಿಂದ ತಿಳಿಯುತ್ತದೆ. ಅಳೆಯಲು ಕಾಲೇಜಿನ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ಸನ್ನೇ ತಂದಿದ್ದೆ. ಅದರ ಹಿಡಿಕೆಗೆ ಯಾರೋ ಅಂಟಿಸಿದ್ದ ಕೆಂಪು ಚೀಟಿಯೊಂದು ಕೈಗೆ ಅಡ್ಡ ಬರುತ್ತಿತ್ತು. ಕಿತ್ತು ಎಸೆದೆ. ಎರಡು ಮಿಲಿಮೀಟರ್ ತೋರಿಸಿತು.

ಮುಕ್ಕಾಲು ಮಿಲಿಮೀಟರ್ ಉಳಿದರೆ ಸಾಕು. ಅಂದರೆ ಒಂದೂಕಾಲು ಮಿಲಿಮೀಟರ್ ತೆಗೆಯಬೇಕು. ಲೆಕ್ಕವನ್ನು ಎರಡು ಸಲ ಮಾಡಿದೆ. ಎರಡು ಸಲವೂ ಸರಿ ಬಂತು! ಲೆಕ್ಕದಲ್ಲಿ ನಾನು ಯಾವಾಗಲೂ ಸರಿ.

ತಳ ಸವೆಸಲು ಮಟ್ಟಸವಾದ ಗಾಜು ಬೇಕು. ಗಾಜಿನ ಮೇಲೆ ಉಸುಕಿನ ಕಾಗದ ಹಾಸಿ, ಹೆಡ್ಡನ್ನು ಬೋರಲು ಹಾಕಿ ತಿಕ್ಕಬೇಕು. ನಮ್ಮ ಮನೆಯಲ್ಲಿ ಮಟ್ಟಸವಾದ ಗಾಜು ಒಂದೇ ಇತ್ತು, ಸುಜಾತಾಳ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ. ಅವಳು ಡ್ಯೂಟಿಗೆ ಹೋದಾಗ ಮೆಲ್ಲಗೆ ಬಿಚ್ಚಿ, ಬರುವ ಮೊದಲು ಮತ್ತೆ ಕೂಡಿಸಿಡುತ್ತಿದ್ದೆ. ಮೂರು ಸಂಜೆ ತಿಕ್ಕಿದೆ. ಮೂರು ಸಂಜೆಯ ಕೊನೆಗೆ ಹೆಡ್ಡಿನಿಂದ ಒಂದು ಕೂದಲೆಳೆಯಷ್ಟು ಸವೆದಿತ್ತು. ನನ್ನ ಬೆರಳಿನ ಚರ್ಮ ಅದಕ್ಕಿಂತ ಹೆಚ್ಚು ಸವೆದಿತ್ತು. ಕಾಗದ ಹರಿದ ಕಡೆಯಲ್ಲೆಲ್ಲ ಕನ್ನಡಿ ಸವೆದದ್ದು ಬೇರೆ.

ನಾಲ್ಕನೆಯ ದಿನ ಬೆಳಿಗ್ಗೆ ಸುಜಾತಾ ಕನ್ನಡಿ ಮುಂದೆ ನಿಂತು ಎರಡು ಸಲ ಕಣ್ಣು ಉಜ್ಜಿಕೊಂಡಳು.

“ರೀ, ನನ್ನ ಕಣ್ಣಿಗೇನರ ಪೊರೆ ಬಂದೈತೇನು? ಮುಖ ಮಂಜು ಮಂಜು ಕಾಣಾಕತ್ತೈತಿ.”

ನಾನು ನಿಜ ಹೇಳಿದೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅವನು ಅರ್ಧ ಕಣ್ಣು ಮುಚ್ಚಿಕೊಂಡಿದ್ದ. ಮುಂದೆ ನಡೆದದ್ದನ್ನು ಪೂರ್ತಿ ಕಣ್ಣು ತೆರೆದು ನೋಡುವುದು ಅವನಿಗೂ ಕಷ್ಟವಿತ್ತು.

ಕೈಯಿಂದ ಆಗುವ ಕೆಲಸವಲ್ಲವೆಂದು ಶನಿವಾರ ಹೆಡ್ಡನ್ನು ಚೀಲದಲ್ಲಿ ಹಾಕಿಕೊಂಡು ಲಿಂಗಸುಗೂರಿನ ಬಸ್ ಹತ್ತಿದೆ. ಅಲ್ಲಿ ಖಾಜಾ ಸಾಬ್ ಎಂಬುವರ ಲೇಥ್ ಅಂಗಡಿ ಇದೆ. ಮುದಗಲ್ಲಿನಿಂದ ಬಂದ ರೈತರ ಪಂಪು, ಟ್ರ್ಯಾಕ್ಟರಿನ ಭಾಗಗಳ ನಡುವೆ ನನ್ನ ಹೆಡ್ ಕೋಳಿಮರಿಯ ಹಾಗೆ ಕಂಡಿತು. ಖಾಜಾ ಸಾಬ್ ಅದನ್ನು ಅಂಗೈಯಲ್ಲಿ ಇಟ್ಟು ತೂಗಿ ನೋಡಿದರು.

“ಎಷ್ಟು ತಗೀಬೇಕ್ರಿ ಸರ್?”

“ಒಂದೂಕಾಲು ಮಿಲಿಮೀಟರ್.”

“ಒಂದೂಕಾಲು?” ಅವರು ಕನ್ನಡಕ ಮೇಲೇರಿಸಿದರು. “ಜಾಸ್ತಿ ಆತ್ರಿ. ಇಂಥ ಸಣ್ಣದಕ್ಕ ಅರ್ಧ ತಗದ್ರ ಬಸ್. ಖರಾಬ್ ಆದ್ರ ಮತ್ತ ಹಚ್ಚಾಕ ಬರಂಗಿಲ್ಲ ನೋಡ್ರಿ.”

“ಖಾಜಾ ಸಾಹೇಬ್ರ, ನಾನು ಭೌತಶಾಸ್ತ್ರದ ಲೆಕ್ಚರರ್.”

“ಹಂಗಾರ ಬರೋಬರ್ ಬಿಡ್ರಿ,” ಎಂದು ಅವರು ತಕ್ಷಣ ಮಶೀನ್ ಚಾಲೂ ಮಾಡಿದರು. ವಿದ್ಯೆಗೆ ಅಷ್ಟು ಮರ್ಯಾದೆ ಕೊಡುವ ಜನ ಈಗ ಕಡಿಮೆ. ಅವತ್ತೊಂದು ದಿನ ಅವರೂ ಕೊಡದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಭಾನುವಾರ ಬೆಳಿಗ್ಗೆ ಹೆಡ್ ಕೂಡಿಸಿದೆ, ನಟ್ಟು ಬಿಗಿದೆ, ಪೆಡಲ್ ಮೇಲೆ ಕಾಲಿಟ್ಟೆ. ಒಳಗಿನಿಂದ ಒಂದು ಸದ್ದು ಬಂತು.

ಟಕ್!

ಅಷ್ಟೇ. ಪಿಸ್ಟನ್ ಮೇಲೆ ಬಂದು ಹೆಡ್ಡಿಗೆ ತಲೆ ಬಡಿದುಕೊಂಡು ನಿಂತಿತ್ತು. ಮುಕ್ಕಾಲು ಮಿಲಿಮೀಟರ್ ಜಾಗ ಇರಬೇಕಾದಲ್ಲಿ ಜಾಗವೇ ಇರಲಿಲ್ಲ. ಲೆಕ್ಕ ಮತ್ತೆ ಮಾಡಿದೆ. ಮತ್ತೆ ಸರಿ ಬಂತು!

ಮಾವನವರಿಗೆ ಫೋನ್ ಮಾಡಿ ಇನ್ನೊಂದು ವಾರ ಬೇಕೆಂದು ಹೇಳಿದೆ. “ಅವಸರ ಇಲ್ರಿ,” ಎಂದರು. ಫೋನ್ ಇಡುವ ಮೊದಲು, “ರಸೂಲ ಕೇಳಾಕತ್ತಿದ್ದ, ಅದಕ್ಕ,” ಎಂದರು.

ಸೋಮವಾರ ಕ್ಯಾಲಿಪರ್ಸನ್ನು ಪ್ರಯೋಗಾಲಯಕ್ಕೆ ಹಿಂದಿರುಗಿಸಿದೆ. ಅಟೆಂಡರ್ ದೇವಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಸರ್, ಇದಕ್ಕೊಂದು ಕೆಂಪು ಚೀಟಿ ಇತ್ತಲ್ರಿ?”

“ಅಡ್ಡ ಬರತಿತ್ತು, ಕಿತ್ತೆ. ಯಾಕ?”

“ಇದು ಕೆಟ್ಟದ್ದು ಸರ್. ಬಾಯಿ ಮುಚ್ಚಿದಾಗೂ ಒಂದು ಮಿಲಿಮೀಟರ್ ತೋರಸತೈತಿ. ಹುಡುಗರು ತಗೋಬಾರದು ಅಂತ ಹೋದ ವರ್ಷ ನೀವ ಬರದು ಅಂಟಿಸಿದ್ರಿ.”

ಇದಕ್ಕೆ ಶಾಸ್ತ್ರದಲ್ಲಿ ಶೂನ್ಯ ದೋಷ ಎನ್ನುತ್ತಾರೆ. ಅಳೆಯುವ ಮೊದಲು ಶೂನ್ಯ ದೋಷ ನೋಡಿಕೊಳ್ಳದವನಿಗೆ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಅಂಕ ಕತ್ತರಿಸುತ್ತೇನೆ. ಅಂದರೆ ಒಳಗೆ ಇದ್ದ ಜಾಗ ಎರಡಲ್ಲ, ಒಂದೇ ಮಿಲಿಮೀಟರ್. ಒಂದಿದ್ದ ಕಡೆ ನಾನು ಒಂದೂಕಾಲು ತೆಗೆಸಿದ್ದೆ!

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸಿ ಹೊಸ ಹೆಡ್ ತರಿಸುತ್ತಿದ್ದ. ನಾನು ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಹೋಗಿ ಕೂಲ್‌ಡ್ರಿಂಕ್ಸಿನ ಎರಡು ಖಾಲಿ ಡಬ್ಬಿ ತಂದೆ. ಕತ್ತರಿಯಿಂದ ಆ ತೆಳು ತಗಡನ್ನು ಹೆಡ್ಡಿನ ಆಕಾರಕ್ಕೆ ಕತ್ತರಿಸಿ, ಐದು ಪದರ ಒಂದರ ಮೇಲೊಂದು ಪ್ಯಾಕಿಂಗಿನ ಹಾಗೆ ಇಟ್ಟು ಬಿಗಿದೆ. ಆಗ ಪಿಸ್ಟನ್ ಹೆಡ್ಡನ್ನು ಮುಟ್ಟೀತೋ ಇಲ್ಲವೋ ಎನ್ನುವ ಹಾಗೆ ಹಾದುಹೋಯಿತು. ಇಷ್ಟು ಬಿಗಿಯಾದ ಕಂಪ್ರೆಷನ್ ಜಗತ್ತಿನ ಯಾವ ಸೈಕಲ್ಲಿಗೂ ಇರಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಓಣಿಯಲ್ಲಿ ಪರೀಕ್ಷೆ. ಸುಜಾತಾ ಬಾಗಿಲಲ್ಲಿ ನಿಂತಿದ್ದಳು. ಎದುರು ಮನೆಯ ಪಾರ್ವತೆಮ್ಮ ಸೊಪ್ಪು ಸೋಸುವುದನ್ನು ಬಿಟ್ಟು ಗೇಟಿಗೆ ಬಂದರು. ನಾನು ಜೋರಾಗಿ ಪೆಡಲ್ ತುಳಿದು ಕ್ಲಚ್ ಬಿಟ್ಟೆ.

ಎಂಜಿನ್ ತಿರುಗಲಿಲ್ಲ. ಹಿಂದಿನ ಗಾಲಿ ಗಕ್ಕನೆ ನಿಂತು ಕರ್ರೆಂದು ಜಾರಿತು. ನಾನು ತಿರುಗಿದೆ. ಪೂರ್ತಿ ಒಂದು ಸುತ್ತು!

“ಬಿದ್ರೇನ್ರೀ ಸರ್?” ಪಾರ್ವತೆಮ್ಮ ಕೇಳಿದರು.

“ಇಲ್ಲ, ಇಳಿದೆ,” ಎಂದೆ ನೆಲದ ಮೇಲಿಂದ.

ಎರಡನೆಯ ಸಲವೂ ಇಳಿದೆ. ಮೂರನೆಯ ಸಲ ಆಕ್ಸಿಲರೇಟರಿನ ಹಿಡಿಕೆ ನೆಲಕ್ಕೆ ಬಡಿದು ಸೊಟ್ಟಾಯಿತು. ಒಳಗಿನ ಒತ್ತಡ ಎಷ್ಟಿತ್ತೆಂದರೆ ಅದನ್ನು ಮೀರಿ ಎಂಜಿನ್ ತಿರುಗಿಸುವಷ್ಟು ಹಿಡಿತ ಹಿಂದಿನ ಗಾಲಿಗೆ ಇರಲಿಲ್ಲ. ಇದಕ್ಕೆ ಪರಿಹಾರ ಭಾರ. ನಾನು ಸುಜಾತಾಳ ಕಡೆ ನೋಡಿದೆ.

“ನನ್ನ ಕಡೆ ನೋಡಬ್ಯಾಡ್ರಿ. ನಾಳೆ ನನಗ ಡ್ಯೂಟಿ ಐತಿ,” ಎಂದಳು. “ಮೂಲ್ಯಾಗ ಸೋನಾಮಸೂರಿ ಚೀಲ ಐತಿ, ಅದನ್ನ ಕೂಡಸ್ರಿ. ಅದಕ್ಕ ಕೈಕಾಲು ಮುರಿಯಾಕ ಬರಂಗಿಲ್ಲ.”

ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವನ್ನು ಕ್ಯಾರಿಯರಿಗೆ ಬಿಗಿದೆ. ಓಣಿಯ ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದು ಕ್ಲಚ್ ಬಿಟ್ಟೆ. ಎಂಜಿನ್ ಒಮ್ಮೆ ಕೆಮ್ಮಿತು, ಒಮ್ಮೆ ಗುಡುಗಿತು, ಆಮೇಲೆ ಹೊರಟಿತು. ಹೊರಟಿತು ಎನ್ನುವುದು ಸಣ್ಣ ಮಾತು! ಪಾರ್ವತೆಮ್ಮನ ಸೊಪ್ಪು ಹಾರಿತು. ನನ್ನ ಕನ್ನಡಕ ಹಣೆಗೆ ಏರಿತು. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಇವತ್ತು ನನ್ನ ಕೆಳಗೆ ಓಡುತ್ತಿತ್ತು. ಆ ಐದು ನಿಮಿಷ ನಾನು ನಿಜಕ್ಕೂ ಸುಖಿಯಾಗಿದ್ದೆ. ಮುಂದೆ ಆದದ್ದೆಲ್ಲ ಆದ ಮೇಲೂ ಆ ಐದು ನಿಮಿಷವನ್ನು ನಾನು ಬಿಟ್ಟುಕೊಡಲಾರೆ.

ನಿಲ್ಲಿಸಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಹಾಗಾಗಿ ನೇರ ಬಳಗಾನೂರಿಗೇ ತಿರುಗಿಸಿದೆ. ಸುಜಾತಾ ಮನೆಗೆ ಬೀಗ ಹಾಕಿ ತನ್ನ ಸ್ಕೂಟರಿನಲ್ಲಿ ಹಿಂದೆ ಬಂದಳು. ದಾರಿಯಲ್ಲಿ ಒಂದು ಕಡೆ ನನ್ನ ಸಮಕ್ಕೆ ಬಂದು ಕೂಗಿದಳು:

“ರೀ, ಅದು ಕಟಕಟ ಅನ್ನಾಕತ್ತೈತಿ!”

“ಅದು ಶಕ್ತಿಯ ಸದ್ದು!” ಎಂದು ಕೂಗಿದೆ.

ಅದು ಶಕ್ತಿಯ ಸದ್ದಲ್ಲ. ಮಿತಿಗಿಂತ ಹೆಚ್ಚು ಒತ್ತಿ ಕಾಯಿಸಿದರೆ ಪೆಟ್ರೋಲ್ ಕಿಡಿಗಾಗಿ ಕಾಯುವುದಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಮೂರು ಅಂಕದ ಪ್ರಶ್ನೆ.

ಬಳಗಾನೂರು ಬಂತು. ಮಾವನವರ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಮಾವ ಬಿಳಿ ಅಂಗಿ ಹಾಕಿಕೊಂಡಿದ್ದರು. ರಸೂಲ್ ಸಾಹೇಬರು ಟೋಪಿ ಹಾಕಿ, ಕೈಯಲ್ಲಿ ಕೋಲು ಹಿಡಿದು ತಯಾರಾಗಿದ್ದರು. ಎರಡು ವಾರದ ನಂತರ ಚಾ ಹೋಟೆಲ್ಲಿಗೆ ಹೋಗುವ ದಿನ. ಸುಜಾತಾ ದಾರಿಯಲ್ಲಿ ನಿಂತು ಫೋನ್ ಮಾಡಿ ತಿಳಿಸಿದ್ದಳಂತೆ. ನಾನು ಠೀವಿಯಿಂದ ಕೈ ಎತ್ತಿ, ಎಂಜಿನ್ ಬಂದ್ ಮಾಡುವ ಸ್ವಿಚ್ ಒತ್ತಿದೆ.

ಎಂಜಿನ್ ಬಂದ್ ಆಗಲಿಲ್ಲ!

ಮತ್ತೆ ಒತ್ತಿದೆ. ಸ್ವಿಚ್ಚಿಗೆ ಕಿಡಿಯನ್ನು ನಿಲ್ಲಿಸುವ ಅಧಿಕಾರ ಮಾತ್ರ ಇದೆ. ಈ ಎಂಜಿನ್ನಿಗೆ ಈಗ ಕಿಡಿಯೇ ಬೇಕಿರಲಿಲ್ಲ. ಆಕ್ಸಿಲರೇಟರ್ ತಿರುವಿದೆ, ಸೊಟ್ಟಾದ ಹಿಡಿಕೆ ಕಚ್ಚಿಕೊಂಡಿತ್ತು. ಕ್ಲಚ್ ಎಳೆದೆ. ಓಣಿಯಲ್ಲಿ ಅಷ್ಟು ಸಲ ಎಳೆಸಿಕೊಂಡಿದ್ದ ಅದರ ವಾಯರ್ ಫಟ್ಟನೆ ಹರಿದು ಕೈಗೆ ಬಂತು. ಬ್ರೇಕ್ ಹಿಡಿದೆ. ರಬ್ಬರ್ ಸುಟ್ಟ ವಾಸನೆ ಬಂತೇ ಹೊರತು ವೇಗ ಕಡಿಮೆಯಾಗಲಿಲ್ಲ.

“ಬರ್ರಿ ಅಳಿಯಂದ್ರ, ಬರ್ರಿ!” ಮಾವ ಎದ್ದು ನಿಂತರು.

“ಬಂದೆ ಮಾವ!” ಎಂದು ಅವರ ಮುಂದಿನಿಂದ ಹಾದು ಹೋದೆ.

ಊರಿನ ಸುತ್ತ ಒಂದು ರಸ್ತೆ ಇದೆ. ಅದು ಅಂಗಡಿ ಸಾಲು ದಾಟಿ, ಗದ್ದೆಗಳ ಬದಿಗೆ ಹೋಗಿ, ತಿರುಗಿ ಮಾವನವರ ಮನೆಗೇ ಬರುತ್ತದೆ. ಒಂದು ಸುತ್ತು ಹಾಕಿ ಬಂದೆ.

“ಯಾಕ ನಿಂದರವಲ್ರಿ?” ಮಾವ ಕೇಳಿದರು.

“ನಿಲ್ಲವಲ್ದು ಮಾವ!”

ರಸೂಲ್ ಸಾಹೇಬರು ಕಿವಿಗೆ ಕೈ ಹಚ್ಚಿ ಆಲಿಸುತ್ತಿದ್ದದ್ದು ಕಂಡಿತು. “ಹುಸೇನಪ್ಪ, ಇದು ನಿನ್ನ ಸೈಕಲ್ಲಲ್ಲೋ. ಒಳಗ ಯಾರನ್ನೋ ಹಾಕಿ ಕೀಲಿ ಜಡದಾರ. ಬಾಗಿಲಾ ಬಡ್ಯಾಕತ್ತಾನ ನೋಡು!” ಎಂದದ್ದು ಗಾಳಿಯಲ್ಲಿ ಕೇಳಿಸಿತು.

ಎರಡನೆಯ ಸುತ್ತಿನಲ್ಲಿ ಕಟ್ಟೆಯ ಮೇಲೆ ಹತ್ತು ಜನ ಸೇರಿದ್ದರು. ಅತ್ತೆ ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದಿದ್ದರು. ಸುಜಾತಾ ಸ್ಕೂಟರ್ ನಿಲ್ಲಿಸಿ ರಸ್ತೆ ಪಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಹೋಗಿ ಹೆದರಿಕೆ ಬಂದಿತ್ತು. ಅದನ್ನು ನೋಡಿ ನನಗೂ ಮೊದಲ ಸಲ ಹೆದರಿಕೆಯಾಯಿತು. ಆಗ ರಸೂಲ್ ಸಾಹೇಬರು ಎದ್ದು ನಿಂತು, ಮಿಲ್ಲಿನಲ್ಲಿ ಕೂಗಿ ಪಳಗಿದ ಗಂಟಲಿನಿಂದ ಕೂಗಿದರು:

“ಪೆಟ್ರೋಲ್! ಪೆಟ್ರೋಲ್ ಬಂದ್ ಮಾಡ್ರಿ! ಉಪವಾಸ ಕೆಡವ್ರಿ ಅದನ್ನ!”

ಎಷ್ಟು ಸರಳ! ಟ್ಯಾಂಕಿನ ಕೆಳಗೆ ಪೆಟ್ರೋಲಿನ ತಿರುಪು ಇದೆ. ನಾನು ಬಗ್ಗಿ ಅದನ್ನು ಹುಡುಕಿದೆ. ಸಿಕ್ಕಿತು. ತಿರುವಿದೆ. ತಲೆ ಎತ್ತಿದಾಗ ರಸ್ತೆ ಎಡಕ್ಕೆ ತಿರುಗಿತ್ತು. ನಾನು ತಿರುಗಿರಲಿಲ್ಲ.

ಅಲ್ಲಿಂದ ನೇರ ಗದ್ದೆಗೆ! ನೀರು ನಿಲ್ಲಿಸಿ ಭತ್ತ ನಾಟಿ ಮಾಡುತ್ತಿದ್ದ ಗದ್ದೆ. ಸೈಕಲ್ ಕೆಸರಿನಲ್ಲಿ ಹೂತು ನಿಂತಿತು; ನಾನು ನಿಲ್ಲದೆ ಇನ್ನೂ ಸ್ವಲ್ಪ ಮುಂದೆ ಹೋದೆ. ಕಾದ ಎಂಜಿನ್ ನೀರಿಗೆ ಬಿದ್ದದ್ದೇ ಚುಂಯ್ ಎಂದು ಹೊಗೆ ಎದ್ದಿತು. ಒಳಗಿನಿಂದ ಚಟ್ಟೆಂಬ ಸದ್ದೊಂದು ಬಂತು. ಕ್ಯಾರಿಯರಿನ ಚೀಲ ಒಡೆದು ಇಪ್ಪತ್ತೈದು ಕಿಲೋ ಸೋನಾಮಸೂರಿ ಗದ್ದೆಯ ತುಂಬ ಚೆಲ್ಲಿತು. ಅಕ್ಕಿಗೆ ಅದು ತವರುಮನೆ, ಅಡ್ಡಿಯಿಲ್ಲ.

ನಾಟಿ ಹಚ್ಚುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡಿದರು. ಮುಂದಿನ ಸಾಲಿನ ಒಬ್ಬ ಅಜ್ಜಿ ಸಸಿಯ ಕಟ್ಟು ಕೈಯಲ್ಲಿ ಹಿಡಿದೇ ಬಂದು ನನ್ನನ್ನು ಎಬ್ಬಿಸಿದಳು.

“ಸಾಹೇಬ್ರ, ಈ ಮಡಿ ಹಚ್ಚಿದ್ದು ಆಗೈತ್ರಿ. ಬೀಳೋದಿದ್ರ ಆಚೀ ಮಡ್ಯಾಗ ಬೀಳಬೇಕಿತ್ತು,” ಎಂದಳು. ನಾನು ಕ್ಷಮೆ ಕೇಳಿ, ನಾನು ಕಿತ್ತ ಎಂಟು ಹತ್ತು ಸಸಿಗಳನ್ನು ಅವಳು ಹೇಳಿದ ಹಾಗೆ ಮತ್ತೆ ಊರಿದೆ. ಅವಳು ಅವನ್ನು ಕಿತ್ತು ಸರಿಯಾಗಿ ಊರಿದಳು.

ನಾಲ್ಕು ಜನ ಸೈಕಲ್ಲನ್ನು ಹೊತ್ತು ಕಟ್ಟೆಯ ಹತ್ತಿರ ತಂದರು. ಸುಜಾತಾ ನನ್ನ ಕೈಕಾಲು ಒಂದೊಂದೇ ಮಡಚಿ ನೋಡಿ, ಮುರಿದಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಜೊತೆ ಮಾತು ಬಿಟ್ಟಳು. ರಸೂಲ್ ಸಾಹೇಬರು ನೆಲಕ್ಕೆ ಕೂತು ಎಂಜಿನ್ನಿನ ಮೇಲೆ ಬೆರಳಾಡಿಸಿದರು. ಕೆಸರು ಒರೆಸಿದರು. ಹೆಡ್ಡಿನ ಮೇಲೆ ಒಂದು ಕಡೆ ಬೆರಳು ನಿಂತಿತು; ಅಲ್ಲಿಂದ ಕೆಳಗಿನವರೆಗೆ ಒಂದು ಬಿರುಕು.

“ಹುಸೇನಪ್ಪ, ಹೋತಿದು,” ಎಂದರು. ಸಣ್ಣ ದನಿಯಲ್ಲಿ.

ಮಾವ ತಮ್ಮ ಬಿಳಿ ಅಂಗಿಯ ತೋಳು ಮಡಚುತ್ತ ನನ್ನ ಹತ್ತಿರ ಬಂದರು. ಎರಡು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ನಿಮಗೇನೂ ಆಗಿಲ್ಲಲ್ರಿ ಅಳಿಯಂದ್ರ?” ಎಂದು ಕೇಳಿದರು. “ಬಿಸಿನೀರು ಕಾದೈತಿ, ಮೈ ತೊಳಕೋರಿ.”

ಬಚ್ಚಲಿನಲ್ಲಿ ಕೂತು ನಾನು ಬಹಳ ಹೊತ್ತು ನೀರು ಹಾಕಿಕೊಂಡೆ. ಹೊರಗೆ ಕಟ್ಟೆಯ ಮೇಲೆ ಇಬ್ಬರೂ ಹಾಗೇ ಕೂತು ಮೆಲ್ಲಗೆ ಮಾತಾಡುವುದು ಕೇಳಿಸುತ್ತಿತ್ತು. ಚಾ ಹೋಟೆಲ್ಲಿನ ಹೊತ್ತು ಮೀರಿ ಹೋಗಿತ್ತು.

ಸಿಂಧನೂರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಹೊಸ ಹೆಡ್ಡು, ಸಿಲಿಂಡರು ಕೊರಿಯರಿನಲ್ಲಿ ಬರಲು ಮೂರು ವಾರ ಎಂದ. ನಾನು ಆಗಲೇ ನಿರ್ಧಾರ ಮಾಡಿದೆ. ಮಾರನೆಯ ದಿನದಿಂದ ಕಾಲೇಜು ಬಿಟ್ಟ ಕೂಡಲೇ ಮಸ್ಕಿಯಿಂದ ಬಸ್ ಹತ್ತಿ ಬಳಗಾನೂರಿಗೆ ಬರತೊಡಗಿದೆ. ರಸೂಲ್ ಸಾಹೇಬರು ಎಂಜಿನ್ನಿನ ಚೈನ್ ಕಳಚಿಕೊಟ್ಟಿದ್ದರಿಂದ, ಸೈಕಲ್ಲಿನಲ್ಲಿ ಎಂಜಿನ್ ಸತ್ತಿದ್ದರೂ ಪೆಡಲ್ ಬದುಕಿತ್ತು. ಮೊದಲು ರಸೂಲ್ ಸಾಹೇಬರನ್ನು ಕೂಡಿಸಿಕೊಂಡು ಏರಿ ಹತ್ತಿಸಿ ಹೋಟೆಲ್ಲಿನಲ್ಲಿ ಇಳಿಸುವುದು. ತಿರುಗಿ ಬಂದು ಮಾವನವರನ್ನು ಕೂಡಿಸಿಕೊಂಡು ಹೋಗುವುದು. ಚಾ ಆದ ಮೇಲೆ ಇದೇ ಕ್ರಮದಲ್ಲಿ ವಾಪಸ್. ಎಂಜಿನ್ನನ್ನಾದರೂ ಬಿಚ್ಚಿಡೋಣ ಎಂದರೆ ಮಾವ ಬಹಳ ಮೆಲ್ಲಗೆ, “ಬ್ಯಾಡ್ರಿ, ನೀವು ಬಿಚ್ಚಬ್ಯಾಡ್ರಿ,” ಎಂದರು. ಹಾಗಾಗಿ ಅದನ್ನೂ ನಾನೇ ಹೊತ್ತು ತುಳಿಯಬೇಕಾಯಿತು.

ಮೊದಲ ದಿನ ಏರಿಯ ಅರ್ಧಕ್ಕೆ ಇಳಿದು ತಳ್ಳಿದೆ. ವಾರದ ಕೊನೆಗೆ ಇಳಿಯದೆ ಹತ್ತಿದೆ. ರಸೂಲ್ ಸಾಹೇಬರು ಹಿಂದಿನಿಂದ ಕಾಲುವೆಯಲ್ಲಿ ನೀರು ಎಷ್ಟಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದರು. ಮಿಲ್ಲಿನ ಕಥೆ ಹೇಳುತ್ತಿದ್ದರು. ಎಂಜಿನ್ ಓಡುತ್ತಿದ್ದಾಗ ಆ ಗದ್ದಲದಲ್ಲಿ ಒಂದು ಮಾತೂ ಆಡಲು ಆಗುತ್ತಿರಲಿಲ್ಲವಂತೆ. ಎರಡನೆಯ ವಾರದ ಹೊತ್ತಿಗೆ ಇಬ್ಬರಿಗೂ ಈ ವ್ಯವಸ್ಥೆ ಎಷ್ಟು ಹಿಡಿಸಿತೆಂದರೆ ಒಂದು ಸಂಜೆ ಹೋಟೆಲ್ಲಿನಲ್ಲಿ ರಸೂಲ್ ಸಾಹೇಬರು ಮಾವನವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು:

“ಹುಸೇನಪ್ಪ, ಆ ಸಾಮಾನ ತರಸೋದು ಜರೂರ ಐತೇನು?”

ನಾನು ಚಾ ಅರ್ಧಕ್ಕೆ ಬಿಟ್ಟು ಹೊರಗೆ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಜಲ್ದಿ ಮಾಡಪ್ಪಾ ಎಂದು ಕೈಮುಗಿದೆ. ಫೋನಿನಲ್ಲಿ ಕಾಣುವುದಿಲ್ಲವೆಂಬುದು ಆಮೇಲೆ ಹೊಳೆಯಿತು.

ಸಾಮಾನು ಬಂತು. ಸೈಕಲ್ಲನ್ನು ಟಂಟಂ ಮೇಲೆ ಹೇರಿಕೊಂಡು ನಾನು, ಮಾವ ಸಿಂಧನೂರಿಗೆ ಹೋದೆವು. ಮೆಕ್ಯಾನಿಕ್‌ನ ಹೆಸರು ಶೀನು. ವಲಸೆ ಬಂದ ತೆಲುಗು ರೈತರ ಕ್ಯಾಂಪಿನ ಕಡೆಯವನು, ಕನ್ನಡದ ನಡುವೆ ತೆಲುಗು ಉದುರಿಸುತ್ತಾನೆ. ಹೆಡ್ ಬಿಚ್ಚಿ ನೋಡಿದವನೇ ಪಾನಾ ಕೆಳಗೆ ಇಟ್ಟ. ಕೂಲ್‌ಡ್ರಿಂಕ್ಸ್ ಡಬ್ಬಿಯ ಐದು ಪದರಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದ. ಮೇಲಿನ ಪದರದ ಮೇಲೆ ಇನ್ನೂ ಹಣ್ಣಿನ ಚಿತ್ರ ಇತ್ತು.

“ಏಮಿಟ್ರೀ ಇದು! ಯಾವ ಮಹಾನುಭಾವ ಬಿಚ್ಯಾನ್ರಿ ಇದನ್ನ?”

ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಎಲ್ಲರೂ ಬಗ್ಗಿ ನೋಡಿದರು. ನಾನು ಎದುರಿನ ಗೋಡೆಯ ಮೇಲಿದ್ದ ಟೈರಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಮಾವ ಒಂದು ಗಳಿಗೆ ನನ್ನ ಕಡೆ ನೋಡಿ, ಗಂಟಲು ಸರಿಪಡಿಸಿಕೊಂಡರು.

“ಯಾರೋ ಹೋಗೋ ದಾರಿಯವ ಅಪ್ಪಾ. ಮಾಡಿಕೊಡ್ತೀನಿ ಅಂದ, ಕೊಟ್ಟೆ.”

“ಅಂಥವ್ರನ್ನ ಹತ್ರ ಬಿಟ್ಕೋಬಾರದು ತಾತಾ!”

“ಈಗೇನು ಮಾಡಾಕ ಬರತೈತಿ,” ಎಂದರು ಮಾವ. “ಬಿಟ್ಕೊಂಡದ್ದು ಆಗೈತಿ.”

ಶೀನು ಹೊಸ ಹೆಡ್ ಕೂಡಿಸುತ್ತ ನನ್ನನ್ನು ಕೇಳಿದ:

“ನೀವೇನು ಮಾಡತೀರಿ ಸರ್?”

ಹದಿನೆಂಟು ವರ್ಷದ ಸೇವೆ, ಬಣ್ಣದ ಚಾಕ್‌ಪೀಸು, ನಾಲ್ಕು ತಾಲ್ಲೂಕಿನ ಕೀರ್ತಿ, ಎಲ್ಲ ಕಣ್ಣ ಮುಂದೆ ಹಾದುಹೋದವು.

“ಲೆಕ್ಚರರ್,” ಎಂದೆ. “ಕನ್ನಡ.”

ಮಾವ ಕೆಮ್ಮಿದರು.

“ಅದಕ್ಕ ಮತ್ತ! ನಿಮಗ ಈ ಮಶೀನಿನ ಮಾತೆಲ್ಲ ತಿಳಿಯಂಗಿಲ್ಲ. ಬರ್ರಿ, ಇಲ್ಲಿ ಕೂಡ್ರಿ,” ಎಂದು ಶೀನು ಒಂದು ಸ್ಟೂಲ್ ಎಳೆದು ಹಾಕಿದ. ಒಡೆದ ಹೆಡ್ಡನ್ನು ನನ್ನ ಕೈಗೆ ಕೊಟ್ಟು, ಕಂಪ್ರೆಷನ್ ಎಂದರೇನು, ಅದು ಹೆಚ್ಚಾದರೆ ಏನಾಗುತ್ತದೆ ಎಂದು ಸಾವಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಕಾಲು ತಾಸು ವಿವರಿಸಿದ. ಒಂದು ಕಡೆಯೂ ತಪ್ಪಿಲ್ಲ. ನಡುನಡುವೆ, “ತಿಳೀತೇನ್ರಿ ಸರ್?” ಎಂದು ಕೇಳುತ್ತಿದ್ದ.

ನಾನು ಹೆಡ್ಡನ್ನು ತೊಡೆಯ ಮೇಲಿಟ್ಟು, ಕೈಕಟ್ಟಿ ಕೂತು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಅವತ್ತೇ ನನಗೆ ಅದು ಸರಿಯಾಗಿ ತಿಳಿದದ್ದು.